ಸಿಕ್ಕಿಕೊಂಡ ತೋಟೆ ಏನು ಹೇಳುತ್ತದೆ?

ಸೆಮಿ-ಆಟೊಮ್ಯಾಟಿಕ್ ಪಿಸ್ತೂಲು ಹಾರಿಸುತ್ತಿದ್ದಂತೆಯೇ ತಟಕ್ಕನೆ ನಿಂತುಬಿಟ್ಟರೆ ಹೆಚ್ಚಿನವರ ಕೈ ತಾನಾಗಿಯೇ ಸ್ಲೈಡಿನ (ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಭಾಗ) ಮೇಲೆ ಹೋಗುತ್ತದೆ. ಜೋರಾಗಿ ಒಮ್ಮೆ ಹಿಂದಕ್ಕೆ ಎಳೆದು, ಸಿಕ್ಕಿಕೊಂಡದ್ದನ್ನು ಉದುರಿಸಿ, ಮತ್ತೆ ಹಾರಿಸಲು ಶುರು ಮಾಡುತ್ತಾರೆ. ಜೀವಕ್ಕೆ ಅಪಾಯವಿರುವ ಹೊತ್ತಿನಲ್ಲಿ ಅದೇ ಸರಿ. ಸೈನಿಕರಿಗೂ ಪೊಲೀಸರಿಗೂ ಕಲಿಸುವುದು ಅದನ್ನೇ. ಆದರೆ ಗುರಿ ಅಭ್ಯಾಸದ ಮೈದಾನದಲ್ಲಿ ದೋಷ ಹುಡುಕಲು ಹೊರಟವರು ಹಾಗೆ ಮಾಡಿದರೆ ಇದ್ದ ಒಂದೇ ಸಾಕ್ಷಿಯನ್ನು ತಾವೇ ಅಳಿಸಿದಂತಾಗುತ್ತದೆ. ತೋಟೆ ಯಾವ ಕೋನದಲ್ಲಿ ನಿಂತಿತ್ತು, ಅದರ ತುದಿ ಎಲ್ಲಿಗೆ ತಾಗಿತ್ತು, ಚೇಂಬರಿನಲ್ಲಿ (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ) ಹಳೆಯ ಕೇಸು (ಹಾರಿದ ತೋಟೆಯ ಖಾಲಿ ಕವಚ) ಇತ್ತೇ ಇಲ್ಲವೇ, ತೋಟೆಗಳನ್ನು ತುಂಬಿಡುವ ಮ್ಯಾಗಜಿನ್‌ನಲ್ಲಿ ಇನ್ನೆಷ್ಟು ಉಳಿದಿದ್ದವು ಎಂಬುದು ಗೊತ್ತಿದ್ದರೆ ಅರ್ಧ ಉತ್ತರ ಕೈಗೆ ಬಂದಂತೆ.

ನೋಡುವುದಕ್ಕೂ ಒಂದು ಕ್ರಮವಿದೆ. ನಳಿಗೆಯ ಬಾಯಿ ಗುರಿಫಲಕದ ದಿಕ್ಕಿನಲ್ಲೇ ಇರಬೇಕು, ಬೆರಳು ಟ್ರಿಗರ್‌ನಿಂದ ಹೊರಗಿರಬೇಕು, ಕಣ್ಣಿಗೆ ಕನ್ನಡಕವಿರಬೇಕು. ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ಅರ್ಧ ನಿಮಿಷವಾದರೂ ಹಾಗೆಯೇ ಹಿಡಿದು ಕಾಯಬೇಕು, ಏಕೆಂದರೆ ಮದ್ದು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಇನ್ನೊಂದು ಸಂದರ್ಭ ಇದಕ್ಕಿಂತ ಅಪಾಯದ್ದು: ಎಂದಿನ ಸದ್ದಿನ ಬದಲು 'ಟುಸ್' ಎಂಬ ಕ್ಷೀಣ ಸದ್ದು, ಹೇಳಿಕೊಳ್ಳುವಂತಹ ಒದೆತವಿಲ್ಲ, ಸ್ಲೈಡ್ ಅಲುಗಿಲ್ಲ. ನೋಡುವವರಿಗೆ ಇದೂ ಸಾಮಾನ್ಯ ಜಾಮ್‌ನಂತೆಯೇ ಕಾಣುತ್ತದೆ. ಗುಂಡು ನಳಿಗೆಯ ನಡುವೆಯೇ ನಿಂತಿರಬಹುದು. ಸ್ಲೈಡ್ ಎಳೆದು ಇನ್ನೊಂದು ಹಾರಿಸಿದರೆ ನಳಿಗೆ ಸಿಡಿಯಬಹುದು. ಆಗ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ, ತೋಟೆಗಳನ್ನೆಲ್ಲ ತೆಗೆದು, ಬಂದೂಕನ್ನು ಬಿಚ್ಚಿ, ನಳಿಗೆ ತೆರವಾಗಿದೆಯೇ ಎಂದು ಸಲಾಕೆ ತೂರಿಸಿ ನೋಡದೆ ಬೇರೆ ದಾರಿಯಿಲ್ಲ.

ಸಿಕ್ಕಿಕೊಂಡ ತೋಟೆಯನ್ನು ಓದಬೇಕಾದರೆ ಸರಿಯಾಗಿ ಓಡುವ ಬಂದೂಕಿನೊಳಗೆ ಏನಾಗುತ್ತದೆ ಎಂದು ತಿಳಿದಿರಬೇಕು. ಮದ್ದು ಉರಿದಾಗ ಹುಟ್ಟುವ ಅನಿಲವೋ ಹಿನ್ನೊದೆತವೋ ಸ್ಲೈಡನ್ನು, ರೈಫಲ್ಲಾದರೆ ಬೋಲ್ಟನ್ನು, ಹಿಂದಕ್ಕೆ ತಳ್ಳುತ್ತದೆ. ಎಕ್ಸ್‌ಟ್ರಾಕ್ಟರ್ ಎಂಬ ಸಣ್ಣ ಕೊಕ್ಕೆ ಖಾಲಿ ಕೇಸಿನ ಅಂಚನ್ನು ಹಿಡಿದು ಚೇಂಬರಿನಿಂದ ಎಳೆದು ತರುತ್ತದೆ. ಇಜೆಕ್ಟರ್ ಅದಕ್ಕೆ ಇನ್ನೊಂದು ಬದಿಯಿಂದ ಪೆಟ್ಟು ಕೊಟ್ಟು ಹೊರಗೆ ಚಿಮ್ಮಿಸುತ್ತದೆ. ಅಷ್ಟರಲ್ಲಿ ಮ್ಯಾಗಜಿನ್‌ನ ಸ್ಪ್ರಿಂಗ್ ಮುಂದಿನ ತೋಟೆಯನ್ನು ಮೇಲಕ್ಕೆ ತಂದಿರಬೇಕು. ಹಿಂದಕ್ಕೆ ಹೋದ ಸ್ಲೈಡ್ ತನ್ನ ಸ್ಪ್ರಿಂಗಿನ ಬಲದಿಂದ ಮರಳುತ್ತಾ ಆ ತೋಟೆಯ ಬೆನ್ನಿಗೆ ತಾಗಿ ಮುಂದಕ್ಕೆ ನೂಕುತ್ತದೆ. ತೋಟೆಯ ಮೂತಿ ಇಳಿಜಾರಾದ ರ‍್ಯಾಂಪನ್ನು ಹತ್ತಿ ಚೇಂಬರಿನೊಳಗೆ ಜಾರುತ್ತದೆ. ಇಡೀ ಚಕ್ರಕ್ಕೆ ಸೆಕೆಂಡಿನ ಹತ್ತರಲ್ಲೊಂದು ಭಾಗವೂ ಬೇಕಾಗುವುದಿಲ್ಲ. ಇದರಲ್ಲಿ ಎರಡು ಓಟಗಳು ಏಕಕಾಲಕ್ಕೆ ನಡೆಯುತ್ತಿವೆ: ಸ್ಲೈಡ್ ಹಿಂದೆ ಹೋಗಿ ಮರಳುವ ಓಟ ಒಂದು, ತೋಟೆ ಮೇಲೇರುವ ಓಟ ಇನ್ನೊಂದು. ಮೇಲೇರುವುದು ಒಂದಿಷ್ಟು ಹಿಂದೆ ಬಿದ್ದರೂ ಚಕ್ರ ಕೆಡುತ್ತದೆ.

ಇನ್ನು ಓದುವ ಕೆಲಸ. ತೋಟೆಯ ಮೂತಿ ಕೆಳಮುಖವಾಗಿ ಮ್ಯಾಗಜಿನ್‌ನ ಮುಂಗೋಡೆಗೋ ರ‍್ಯಾಂಪಿನ ಬುಡಕ್ಕೋ ಕುಟ್ಟಿ ನಿಂತಿದ್ದರೆ ಮೊದಲ ಅನುಮಾನ ಮ್ಯಾಗಜಿನ್ ಮೇಲೆ ಹೋಗಬೇಕು. ಸ್ಪ್ರಿಂಗ್ ಸೋತಿರಬಹುದು, ತೋಟೆಗಳನ್ನು ಹೊತ್ತು ನಿಲ್ಲುವ ಫಾಲೋವರ್ ಮುಂದಕ್ಕೆ ವಾಲುತ್ತಿರಬಹುದು, ಮ್ಯಾಗಜಿನನ್ನು ಹಿಡಿದಿಡುವ ಕ್ಯಾಚ್ ಸವೆದು ಅದು ಇರಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಕೂತಿರಬಹುದು. ಮೂತಿ ಮೇಲಕ್ಕೆದ್ದು ಚೇಂಬರಿನ ಮೇಲಂಚಿಗೆ ತಾಗಿ ನಿಂತಿದ್ದರೆ ಕಥೆ ಬೇರೆ. ಮ್ಯಾಗಜಿನ್‌ನ ತುಟಿಗಳು (ಬಾಯಂಚಿನಲ್ಲಿ ತೋಟೆಯನ್ನು ಹಿಡಿದಿಡುವ ಒಳಬಾಗಿದ ಅಂಚುಗಳು) ಅಗಲವಾಗಿ ತೋಟೆಯನ್ನು ಬೇಗನೆ ಬಿಟ್ಟುಕೊಡುತ್ತಿವೆ, ಇಲ್ಲವೇ ಎಕ್ಸ್‌ಟ್ರಾಕ್ಟರಿನ ಕೊಕ್ಕೆ ತೀರಾ ಬಿಗಿಯಾಗಿದ್ದು ಕೇಸಿನ ಅಂಚು ಅದರಡಿ ಜಾರುತ್ತಿಲ್ಲ. ಎಂ1911ರಂತಹ ಪಿಸ್ತೂಲುಗಳಲ್ಲಿ ಈ ಎರಡನೆಯ ಕಾರಣ ಮತ್ತೆ ಮತ್ತೆ ಎದುರಾಗುತ್ತದೆ.

ಬೋಲ್ಟ್ ತೋಟೆಯ ಬೆನ್ನಿಗೆ ತಾಗದೆ ಅದರ ಮೈಮೇಲೆಯೇ ಹತ್ತಿ ನಿಂತು, ಹಿತ್ತಾಳೆಯ ಕೇಸಿನ ಪಕ್ಕೆಯಲ್ಲಿ ತಗ್ಗು ಮಾಡಿದ್ದರೆ, ತೋಟೆ ಮೇಲೇರುವ ಓಟದಲ್ಲಿ ಸೋತಿತು ಎಂದರ್ಥ. ಆದರೆ ಸೋತದ್ದು ಏಕೆ? ಮ್ಯಾಗಜಿನ್ ನಿಧಾನವಾಗಿದ್ದರಿಂದಲೋ, ಬೋಲ್ಟ್ ಅತಿ ವೇಗವಾಗಿದ್ದರಿಂದಲೋ, ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗದೆ ನಡುವಿನಿಂದಲೇ ಮರಳಿದ್ದರಿಂದಲೋ? ನಿಂತ ತೋಟೆಯೊಂದೇ ಇದನ್ನು ಹೇಳುವುದಿಲ್ಲ, ಖಾಲಿ ಕೇಸುಗಳು ಎಲ್ಲಿ ಬಿದ್ದಿವೆ ಎಂದೂ ನೋಡಬೇಕು. ಎಆರ್-15 ಮಾದರಿಯ ರೈಫಲ್ಲಿನಲ್ಲಿ ಕೇಸುಗಳು ಬಲಕ್ಕೆ, ತುಸು ಹಿಂದಕ್ಕೆ ಬಿದ್ದರೆ ಸಾಮಾನ್ಯವಾಗಿ ಎಲ್ಲ ಸರಿಯಿದೆ. ರಭಸದಿಂದ ಮುಂದಕ್ಕೆ ಹಾರುತ್ತಿದ್ದರೆ ಅನಿಲ ಹೆಚ್ಚಾಗಿ ಬೋಲ್ಟ್ ಅವಸರದಲ್ಲಿದೆ. ಶಕ್ತಿಯಿಲ್ಲದೆ ಹಿಂದಕ್ಕೆ, ಕಾಲ ಬುಡದಲ್ಲಿ ಬೀಳುತ್ತಿದ್ದರೆ ಅನಿಲ ಸಾಲುತ್ತಿಲ್ಲ. ಇದು ಕರಾರುವಾಕ್ಕಾದ ಅಳತೆಯೇನೂ ಅಲ್ಲ, ಇಜೆಕ್ಟರಿನ ಸ್ಪ್ರಿಂಗ್ ಬದಲಾದರೂ ಕೇಸಿನ ದಿಕ್ಕು ಬದಲಾಗುತ್ತದೆ. ಆದರೂ ಕಾಸಿಲ್ಲದೆ ಸಿಗುವ ಇಂತಹ ಸುಳಿವನ್ನು ಬಿಡುವುದು ದಡ್ಡತನ.

ಚೇಂಬರಿನಲ್ಲಿ ಹಳೆಯ ಕೇಸು ಹಾಗೆಯೇ ಕೂತಿದ್ದು, ಅದರ ಬೆನ್ನಿಗೆ ಹೊಸ ತೋಟೆ ಬಂದು ಗುದ್ದಿದ್ದರೆ ಅದನ್ನು ಹೊಸ ತೋಟೆ ಹೋಗದ ಸಮಸ್ಯೆ ಎಂದುಕೊಳ್ಳುವವರೇ ಹೆಚ್ಚು. ಅಲ್ಲ. ಅಲ್ಲಿ ಕೆಟ್ಟದ್ದು ಹೊರತೆಗೆಯುವ ಕೆಲಸ. ವಿಯೆಟ್ನಾಂ ಯುದ್ಧದಲ್ಲಿ ಎಂ16 ರೈಫಲ್ಲಿಗೆ ಬಂದ ಕೆಟ್ಟ ಹೆಸರಿನ ಮೂಲವೂ ಇದೇ. ಸೈನಿಕರ ಮಾತಿನಲ್ಲಿ ಎಲ್ಲವೂ ಜಾಮ್. ಅವುಗಳಲ್ಲಿ ಮುಖ್ಯವಾದದ್ದು ಖಾಲಿ ಕೇಸು ಚೇಂಬರಿಗೆ ಕಚ್ಚಿಕೊಂಡು, ಎಕ್ಸ್‌ಟ್ರಾಕ್ಟರ್ ಎಳೆದರೂ ಬಾರದೆ ಉಳಿಯುವುದಾಗಿತ್ತು. ಮೊದಲು ಪರೀಕ್ಷೆಗೆ ಬಳಸಿದ್ದಕ್ಕಿಂತ ಬೇರೆ ಬಗೆಯ ಮದ್ದನ್ನು ತೋಟೆಗಳಿಗೆ ತುಂಬಲಾಗಿತ್ತು. ಅದರಿಂದ ಬೋಲ್ಟಿನ ವೇಗವೂ ಒಳಗಿನ ಮಸಿಯೂ ಹೆಚ್ಚಿದವು. ಚೇಂಬರಿಗೆ ಕ್ರೋಮ್ ಲೇಪನವಿರಲಿಲ್ಲ, ಆ ಹವೆಯಲ್ಲಿ ಅದು ತುಕ್ಕು ಹಿಡಿಯಿತು. ಸ್ವಚ್ಛಗೊಳಿಸುವ ಸಾಮಗ್ರಿ ಸಾಕಷ್ಟು ಹೋಗಲಿಲ್ಲ. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಇದನ್ನು ವಿಚಾರಣೆ ಮಾಡಿತು. ಚೇಂಬರಿಗೆ ಕ್ರೋಮ್ ಬಂತು, ಬೋಲ್ಟಿನ ಹಿನ್ನೋಟವನ್ನು ತಡೆದು ನಿಧಾನಿಸುವ ಬಫರ್ ಬದಲಾಯಿತು, ಸ್ವಚ್ಛಗೊಳಿಸುವ ತರಬೇತಿ ಕೊಟ್ಟರು, ತೊಂದರೆ ಇಳಿಯಿತು. ಈ ದೋಷಕ್ಕೆ ಎಷ್ಟು ಮ್ಯಾಗಜಿನ್ ಬದಲಿಸಿದ್ದರೂ ಫಲವಿರುತ್ತಿರಲಿಲ್ಲ.

ಕೇಸು ಚೇಂಬರಿನಿಂದ ಹೊರಬಂದು ಕಿಂಡಿಯಲ್ಲಿ ಹೊಗೆಕೊಳವೆಯಂತೆ ನೆಟ್ಟಗೆ ಸಿಕ್ಕಿಕೊಂಡಿದ್ದರೆ ಹೊರಚಿಮ್ಮುವ ಶಕ್ತಿ ಸಾಲಲಿಲ್ಲ ಎಂದಾಯಿತು. ಎಕ್ಸ್‌ಟ್ರಾಕ್ಟರ್ ಸಡಿಲವಾಗಿರಬಹುದು, ತೋಟೆ ದುರ್ಬಲವಾಗಿರಬಹುದು, ಹಿಡಿದ ಕೈ ಸಡಿಲವಾಗಿರಬಹುದು. ಹಗುರವಾದ ಪಿಸ್ತೂಲುಗಳಲ್ಲಿ ಈ ಕೊನೆಯದು ನಿಜವಾದ ಕಾರಣ, ನೆಪವಲ್ಲ. ಒಡಲು ಗಟ್ಟಿಯಾಗಿ ನಿಂತಿದ್ದರೆ ಮಾತ್ರ ಸ್ಲೈಡ್ ಅದರ ಮೇಲೆ ಪೂರ್ತಿ ದೂರ ಓಡುತ್ತದೆ. ಮಣಿಕಟ್ಟು ಬಾಗಿ ಒಡಲೂ ಹಿಂದೆ ಸರಿದರೆ ಆ ಓಟ ಮೊಟಕಾಗುತ್ತದೆ. ಬೇರೊಬ್ಬರ ಕೈಯಲ್ಲಿ ಅದೇ ಪಿಸ್ತೂಲು, ಅದೇ ತೋಟೆ ತಕರಾರಿಲ್ಲದೆ ಓಡಿದರೆ ಯಾರನ್ನು ರಿಪೇರಿ ಮಾಡಬೇಕು ಎಂದು ಗೊತ್ತಾಗುತ್ತದೆ.

ಇನ್ನುಳಿದದ್ದು, ತೋಟೆ ಚೇಂಬರಿಗೆ ಹೊಕ್ಕರೂ ಸ್ಲೈಡ್ ಕೊನೆಯ ಎರಡು ಮೂರು ಮಿಲಿಮೀಟರ್ ಮುಚ್ಚದೆ ನಿಲ್ಲುವುದು. ಮಸಿಗಟ್ಟಿದ ಚೇಂಬರ್, ಸೋತ ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನು ಮರಳಿ ಮುಂದಕ್ಕೆ ತರುವ ಸ್ಪ್ರಿಂಗ್), ಊದಿದ ಕೇಸು, ಉದ್ದ ಹೆಚ್ಚಾಗಿ ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ ತಾಗುವ ಗುಂಡು, ಇವುಗಳಲ್ಲಿ ಒಂದಿರುತ್ತದೆ. ಅಂಗೈಯಿಂದ ಗುದ್ದಿ ಮುಚ್ಚಿಸುವುದು ಹಲವರ ಅಭ್ಯಾಸ. ಒಳಗೆ ಹೋಗಲೊಲ್ಲದ ತೋಟೆಯನ್ನು ಬಲವಂತವಾಗಿ ತುರುಕಿ ಹಾರಿಸುವುದು ಒಳ್ಳೆಯದಲ್ಲ. ಹೊರತೆಗೆದು ನೋಡುವುದೇ ಲೇಸು.

ಇಷ್ಟೆಲ್ಲ ಹೇಳಿದರೂ, ಮೊದಲು ಯಾವುದನ್ನು ಬದಲಿಸಿ ನೋಡಬೇಕು ಎಂದರೆ ಮ್ಯಾಗಜಿನನ್ನೇ. ಬಂದೂಕಿನ ಭಾಗಗಳಲ್ಲಿ ನೆಲಕ್ಕೆ ಬೀಳುವುದು, ತುಳಿತಕ್ಕೆ ಸಿಗುವುದು, ಮರಳು ತುಂಬಿಕೊಳ್ಳುವುದು ಅದೇ. ತೆಳುವಾದ ತಗಡಿನಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ್ದು, ಆದರೆ ತೋಟೆಯ ಕೋನವನ್ನು ನಿರ್ಧರಿಸುವುದೂ ಅದೇ. 2007ರಲ್ಲಿ ಅಮೆರಿಕದ ಸೇನೆ ಧೂಳಿನಲ್ಲಿ ನಾಲ್ಕು ಬಗೆಯ ಕಾರ್ಬೈನುಗಳನ್ನು (ಗಿಡ್ಡ ರೈಫಲ್ಲುಗಳನ್ನು), ಬಗೆಯೊಂದಕ್ಕೆ 60,000 ಗುಂಡುಗಳಂತೆ ಹಾರಿಸಿ ಪರೀಕ್ಷಿಸಿತು. ಎಂ4 ಕಾರ್ಬೈನು 882 ಬಾರಿ ನಿಂತಿತು. ಸುದ್ದಿಯಾದದ್ದು ಆ ಸಂಖ್ಯೆ. ಅದರಲ್ಲಿ 239 ನಿಲುಗಡೆಗಳು ಮ್ಯಾಗಜಿನ್‌ನಿಂದ ಆದವು ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ.

ಹಾಗಾಗಿ ಪ್ರತಿ ಮ್ಯಾಗಜಿನ್‌ನ ತಳಕ್ಕೂ ಬಣ್ಣದಲ್ಲಿ ಒಂದು ಅಂಕಿ ಬರೆಯಬೇಕು. ಇಷ್ಟು ಸುಲಭದ ಕೆಲಸವನ್ನು ಮಾಡದೆ ಬಂದೂಕನ್ನು ದುರಸ್ತಿಗೆ ಒಯ್ಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೂರು ಮ್ಯಾಗಜಿನ್‌ಗಳಲ್ಲಿ ಎರಡನೆಯದರಲ್ಲಿ ಮಾತ್ರ ತೊಂದರೆ ಬಂದರೆ ಬಂದೂಕನ್ನು ಮುಟ್ಟುವ ಅಗತ್ಯವೇ ಇಲ್ಲ. ಮೂರರಲ್ಲೂ ಬಂದರೆ ಮುಂದಿನ ಹೆಜ್ಜೆಗೆ ಹೋಗಬಹುದು. ತೊಂದರೆಯ ಮ್ಯಾಗಜಿನನ್ನು ಬಿಚ್ಚಿ ಒಳಗಿನ ಮರಳು ಮಸಿ ಒರೆಸಬೇಕು. ಒಳಗೆ ಎಣ್ಣೆ ಹಾಕಬಾರದು, ಎಣ್ಣೆಗೆ ಧೂಳು ಅಂಟುತ್ತದೆ. ಒಳ್ಳೆಯ ಮ್ಯಾಗಜಿನ್‌ನ ತುಟಿಗಳ ನಡುವಿನ ಅಂತರವನ್ನು ಕ್ಯಾಲಿಪರಿನಲ್ಲಿ ಅಳೆದು ಇದರ ಜೊತೆ ಹೋಲಿಸಬೇಕು. ಅಲ್ಯೂಮಿನಿಯಂ ಮ್ಯಾಗಜಿನ್‌ಗಳಲ್ಲಿ ತುಟಿಯ ಹಿಂಭಾಗದ ಮೂಲೆಯಲ್ಲಿ ಸೂಕ್ಷ್ಮ ಬಿರುಕು ಬಿಡುವುದುಂಟು, ಬೆಳಕಿಗೆ ಹಿಡಿದರೆ ಕಾಣುತ್ತದೆ. ಬಿರುಕು ಬಿಟ್ಟದ್ದನ್ನೂ ತುಟಿ ಅಗಲಿದ್ದನ್ನೂ ಇಕ್ಕಳದಿಂದ ಬಗ್ಗಿಸಿ ಸರಿಮಾಡುವ ಗೋಜಿಗೆ ಹೋಗದೆ ಬಿಸಾಡುವುದು ಒಳ್ಳೆಯದು. ಸ್ಪ್ರಿಂಗ್ ಮಾತ್ರ ಬದಲಿಸಿದರೆ ಸಾಕಾಗುವ ಸಂದರ್ಭಗಳೂ ಬೇಕಾದಷ್ಟಿವೆ.

ಎಷ್ಟನೆಯ ತೋಟೆ ಸಿಕ್ಕಿಕೊಂಡಿತು ಎಂಬ ಲೆಕ್ಕವೂ ಮುಖ್ಯ. ತುಂಬಿದ ಮ್ಯಾಗಜಿನ್‌ನ ಮೊದಲ ತೋಟೆಯ ಕೆಳಗೆ ಸ್ಪ್ರಿಂಗ್ ಗರಿಷ್ಠ ಬಿಗಿಯಲ್ಲಿರುತ್ತದೆ. ತೋಟೆಗಳು ಒಂದಕ್ಕೊಂದು ಗಟ್ಟಿಯಾಗಿ ಒತ್ತಿಕೊಂಡು ಘರ್ಷಣೆ ಹೆಚ್ಚಿ ಸ್ಲೈಡಿನ ವೇಗ ತಗ್ಗುತ್ತದೆ. ಒಂದು ಎರಡು ಕಡಿಮೆ ತುಂಬಿದರೆ ತೊಂದರೆ ಮಾಯವಾಗುವುದಿದ್ದರೆ ಕಾರಣ ಅಲ್ಲಿದೆ. ಎರಡನೆಯ ಮಹಾಯುದ್ಧದ ಸ್ಟೆನ್ ಗನ್ನಿನ ಮ್ಯಾಗಜಿನ್ 32 ತೋಟೆ ಹಿಡಿಯುತ್ತಿದ್ದರೂ ಅನುಭವಿಗಳು ಅಷ್ಟು ತುಂಬುತ್ತಿರಲಿಲ್ಲ. ಎರಡು ಸಾಲಿನಲ್ಲಿ ಬರುವ ತೋಟೆಗಳು ಬಾಯಿಯ ಹತ್ತಿರ ಒಂದೇ ಸಾಲಾಗಿ ಕೂಡಬೇಕಾದ ಅದರ ವಿನ್ಯಾಸದಲ್ಲಿ ಇಕ್ಕಟ್ಟು ಸಹಜವಾಗಿಯೇ ಹೆಚ್ಚು. ಇದಕ್ಕೆ ತದ್ವಿರುದ್ಧವಾಗಿ ಕೊನೆಯ ತೋಟೆಯ ಹೊತ್ತಿಗೆ ಸ್ಪ್ರಿಂಗ್ ಅತಿ ಹೆಚ್ಚು ಸಡಿಲಾಗಿರುತ್ತದೆ. ಒದೆತಕ್ಕೆ ಆ ತೋಟೆ ತಾನಾಗಿ ಮುಂದಕ್ಕೆ ಜಾರಿ ಎಕ್ಸ್‌ಟ್ರಾಕ್ಟರಿನ ಹಿಡಿತ ತಪ್ಪಿಸಿಕೊಳ್ಳಬಹುದು. ಎಂ1911ರ ಮೂಲ ಮ್ಯಾಗಜಿನ್‌ನ ಫಾಲೋವರ್ ಮೇಲೆ ಒಂದು ಸಣ್ಣ ಉಬ್ಬು ಇರುವುದು ಆ ಜಾರಾಟವನ್ನು ತಡೆಯಲೆಂದೇ. ಅಂದಕ್ಕೆಂದು ಅದನ್ನು ಬಿಟ್ಟ ಮ್ಯಾಗಜಿನ್‌ಗಳಲ್ಲಿ ಕೊನೆಯ ತೋಟೆ ಕಾಟ ಕೊಡುವುದಿದೆ.

ಅಂಕಿ ದಾರಿ ತೋರಿಸಿದ ಹಳೆಯ ಪ್ರಸಂಗವೊಂದು ಎಂ1 ಗರಾಂಡ್ ರೈಫಲ್ಲಿನದು. ಎಂಟು ತೋಟೆಗಳ ಕ್ಲಿಪ್ ಅದರದು. ಎರಡನೆಯ ಮಹಾಯುದ್ಧಕ್ಕೆ ಮೊದಲು ಸರಣಿ ಉತ್ಪಾದನೆಯಿಂದ ಹೊರಬಂದ ರೈಫಲ್‌ಗಳಲ್ಲಿ ಏಳನೆಯ ತೋಟೆ ಪದೇ ಪದೇ ಸಿಕ್ಕಿಕೊಳ್ಳತೊಡಗಿತು. ಬೇರೆ ಸಂಖ್ಯೆಯಲ್ಲಿ ಅಲ್ಲ, ಏಳರಲ್ಲಿ. ಹುಡುಕುತ್ತಾ ಹೋದಾಗ, ರಿಸೀವರಿನ (ಬೋಲ್ಟ್ ಓಡಾಡುವ ಲೋಹದ ಒಡಲು) ಒಳಗೆ ತೋಟೆಗಳಿಗೆ ದಾರಿ ಹಿಡಿಸುವ ಒಂದು ಏಣಿನ ಸಣ್ಣ ಭಾಗವನ್ನು ಯಂತ್ರದ ಕಟಿಂಗ್ ಕೊರೆದು ತೆಗೆದುಬಿಡುತ್ತಿದ್ದುದು ಗೊತ್ತಾಯಿತು. ಆ ಚೂರು ಲೋಹವನ್ನು ಉಳಿಸಿಕೊಂಡ ಮೇಲೆ ಏಳನೆಯ ತೋಟೆ ಸುಮ್ಮನಾಯಿತು.

ಮ್ಯಾಗಜಿನ್ ನಿರ್ದೋಷಿಯಾದರೆ ಮುಂದಿನ ಸರದಿ ತೋಟೆಯದು. ಇಲ್ಲಿ ಪರೀಕ್ಷೆ ಸುಲಭ: ಮೂರು ಬೇರೆ ಬೇರೆ ಬಗೆಯ ಕಾರ್ಖಾನೆ ತೋಟೆ ಹಾರಿಸಿ ನೋಡುವುದು, ಅವುಗಳಲ್ಲಿ ಒಂದು ದುಂಡುಮೂತಿಯದಾಗಿರಲಿ. ಹಳೆಯ ಕಾಲದ ಪಿಸ್ತೂಲುಗಳು ದುಂಡುಮೂತಿಯ ಗುಂಡಿಗೆಂದೇ ರೂಪಿಸಿದವು; ತುದಿಯಲ್ಲಿ ಅಗಲ ಕುಳಿಯಿರುವ ಗುಂಡು ಅವುಗಳ ರ‍್ಯಾಂಪಿಗೆ ತಾಗಿ ನಿಲ್ಲುವುದು ಹೊಸ ಸಂಗತಿಯಲ್ಲ. ತೋಟೆಯ ಒಟ್ಟು ಉದ್ದವೂ ಲೆಕ್ಕಕ್ಕೆ ಬರುತ್ತದೆ. 9 ಮಿ.ಮೀ. ಪ್ಯಾರಾಬೆಲ್ಲಮ್ ತೋಟೆಯ ಗರಿಷ್ಠ ಉದ್ದ 29.69 ಮಿ.ಮೀ. ಅದಕ್ಕಿಂತ ತೀರಾ ಗಿಡ್ಡವಾಗಿ ಕೂರಿಸಿದ ಗುಂಡು ಮ್ಯಾಗಜಿನ್‌ನಲ್ಲಿ ಹಿಂದೆ ಮುಂದೆ ಜಾರಾಡಿ ರ‍್ಯಾಂಪನ್ನು ಕೆಳಮಟ್ಟದಲ್ಲಿ ಹೊಡೆಯುತ್ತದೆ. ಮನೆಯಲ್ಲೇ ತೋಟೆ ಮರುತುಂಬುವವರಿಗೆ ಉತ್ತಮ ಪರೀಕ್ಷೆ ಎಂದರೆ ನಳಿಗೆಯನ್ನು ಕಳಚಿ, ತೋಟೆಯನ್ನು ಚೇಂಬರಿಗೆ ಬಿಟ್ಟು ನೋಡುವುದು. ಟಕ್ ಎಂದು ಕೂರಬೇಕು, ಸಲೀಸಾಗಿ ತಿರುಗಬೇಕು, ತಲೆಕೆಳಗು ಮಾಡಿದರೆ ಬೀಳಬೇಕು. ಒಂದೇ ತೋಟೆಯನ್ನು ದಿನವೂ ಚೇಂಬರಿಗೆ ಏರಿಸಿ ಇಳಿಸುವವರು ಮತ್ತೊಂದನ್ನು ಗಮನಿಸಬೇಕು. ಪ್ರತಿ ಸಲವೂ ಮೂತಿ ರ‍್ಯಾಂಪಿಗೆ ಗುದ್ದಿ ಗುಂಡು ಕೇಸಿನೊಳಗೆ ಸ್ವಲ್ಪ ಸ್ವಲ್ಪವೇ ತಳ್ಳಲ್ಪಡುತ್ತದೆ. ಗಿಡ್ಡವಾದ ತೋಟೆ ಸಿಕ್ಕಿಕೊಳ್ಳುವುದು ಇರಲಿ, ಹಾರಿದಾಗ ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ.

.22 ರಿಮ್‌ಫೈರ್ (ಅಂಚಿಗೆ ಪೆಟ್ಟು ಬಿದ್ದು ಹೊತ್ತಿಕೊಳ್ಳುವ ಸಣ್ಣ ತೋಟೆ) ಬಂದೂಕುಗಳ ಸ್ವಭಾವ ಬೇರೆ. ಅವುಗಳ ತೋಟೆಗೆ ಹಿಂದೆ ದಪ್ಪ ಅಂಚಿದೆ. ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿದರೆ ಎರಡೂ ಬಿಗಿದುಕೊಳ್ಳುತ್ತವೆ. ತುಂಬುವಾಗ ಪ್ರತಿ ತೋಟೆಯ ಅಂಚೂ ಕೆಳಗಿನದಕ್ಕಿಂತ ಮುಂದಿರುವಂತೆ ನೋಡಿಕೊಂಡರೆ ಈ ತಾಪತ್ರಯ ತಪ್ಪುತ್ತದೆ. ಸೀಸದ ಗುಂಡಿನ ಮೇಲಿನ ಮೇಣವೂ ಮದ್ದಿನ ಮಸಿಯೂ ಸೇರಿ ಚೇಂಬರಿನಲ್ಲಿ ಗಟ್ಟಿ ಪದರವಾಗುತ್ತವೆ. ಜೊತೆಗೆ ತೋಟೆಯಿಂದ ತೋಟೆಗೆ ಶಕ್ತಿ ವ್ಯತ್ಯಾಸವಾಗುತ್ತದೆ. ಒಂದು ಬಂದೂಕಿಗೆ ಒಗ್ಗಿದ ತೋಟೆ ಇನ್ನೊಂದಕ್ಕೆ ಒಗ್ಗುವುದಿಲ್ಲ. ಇದಕ್ಕೆ ತರ್ಕ ಹುಡುಕುವುದಕ್ಕಿಂತ ಒಗ್ಗುವ ತೋಟೆಯನ್ನು ಹುಡುಕುವುದೇ ಬೇಗ ಮುಗಿಯುವ ಕೆಲಸ.

ಬಂದೂಕನ್ನೇ ಅನುಮಾನಿಸಬೇಕಾಗಿ ಬಂದರೆ ಮೊದಲು ಸ್ವಚ್ಛಗೊಳಿಸಿ, ಜಾರುವ ಜಾಗಗಳಿಗೆ ಎಣ್ಣೆ ಹಚ್ಚಿ, ಮತ್ತೆ ಹಾರಿಸಿ ನೋಡಬೇಕು. ಎಕ್ಸ್‌ಟ್ರಾಕ್ಟರಿನ ಕೊಕ್ಕೆಯ ಕೆಳಗೆ ಹಿತ್ತಾಳೆಯ ಪುಡಿ ತುಂಬಿಕೊಳ್ಳುತ್ತದೆ, ಹಲ್ಲುಕಡ್ಡಿಯಿಂದ ಕೆರೆದರೆ ಬರುತ್ತದೆ. ಆಮೇಲೆ ಸ್ಪ್ರಿಂಗ್‌ಗಳು. ರಿಕಾಯಿಲ್ ಸ್ಪ್ರಿಂಗ್ ಸವೆಯುವ ಭಾಗವೇ ಹೊರತು ಜೀವಮಾನದ ಆಸ್ತಿಯಲ್ಲ. ತಯಾರಕರು ಹೇಳಿದಷ್ಟು ಗುಂಡು ಹಾರಿಸಿದ ಮೇಲೆ ಬದಲಿಸಬೇಕು. ಅನಿಲಚಾಲಿತ ರೈಫಲ್ಲಿನಲ್ಲಿ ಬೋಲ್ಟ್ ಪೂರ್ತಿ ಹಿಂದೆ ಹೋಗುತ್ತಿದೆಯೇ ಎಂದು ತಿಳಿಯಲು ಮ್ಯಾಗಜಿನ್‌ಗೆ ಒಂದೇ ತೋಟೆ ಹಾಕಿ ಹಾರಿಸುವ ಪರೀಕ್ಷೆ ಬಲು ಚೊಕ್ಕವಾದದ್ದು. ಖಾಲಿ ಮ್ಯಾಗಜಿನ್ ಹಾಕಿ ಕೈಯಿಂದ ಎಳೆದಾಗ ಬೋಲ್ಟ್ ಹಿಂದೆ ನಿಲ್ಲುತ್ತದೆ, ಆದರೆ ಆ ಒಂದು ಗುಂಡು ಹಾರಿಸಿದಾಗ ನಿಲ್ಲದೆ ಮುಂದೆ ಬರುತ್ತದೆ ಎಂದರೆ ಬಲ ಸಾಲುತ್ತಿಲ್ಲ. ಅನಿಲ ಎಲ್ಲೋ ಸೋರುತ್ತಿರಬಹುದು: ಎಆರ್-15ರಲ್ಲಿ ಅನಿಲವನ್ನು ಬೋಲ್ಟಿನ ಕಡೆಗೆ ಒಯ್ಯುವ ಗ್ಯಾಸ್ ಕೀಯ ಸಡಿಲ ಸ್ಕ್ರೂಗಳು, ಬೋಲ್ಟಿನ ಸುತ್ತ ಸೋರಿಕೆ ತಡೆಯುವ ಗ್ಯಾಸ್ ರಿಂಗ್‌ಗಳ ಸವೆತ, ನಳಿಗೆಯಿಂದ ಅನಿಲ ತೆಗೆದುಕೊಳ್ಳುವ ಗ್ಯಾಸ್ ಬ್ಲಾಕ್ ಸರಿದಿರುವುದು. ಬೋಲ್ಟನ್ನು ಹೊರಕ್ಕೆಳೆದು ಅದರ ಮೇಲೆ ಕ್ಯಾರಿಯರನ್ನು (ಬೋಲ್ಟನ್ನು ಹೊತ್ತು ಓಡುವ ಭಾಗ) ನೆಟ್ಟಗೆ ನಿಲ್ಲಿಸಿದಾಗ ತನ್ನ ಭಾರಕ್ಕೇ ಕುಸಿದರೆ ರಿಂಗ್‌ಗಳ ಆಯಸ್ಸು ಮುಗಿದಿದೆ.

ರ‍್ಯಾಂಪನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ತೋಟೆ ಸಿಕ್ಕಿಕೊಂಡಿತು ಎಂದೊಡನೆ ಮಿರಮಿರ ಮಿಂಚುವಂತೆ ರ‍್ಯಾಂಪ್ ಉಜ್ಜಲು ಹೊರಡುವವರು ಎಲ್ಲೆಡೆ ಇದ್ದಾರೆ, ಕೈಯಲ್ಲಿ ಸುತ್ತುವ ಗ್ರೈಂಡರ್ ಬೇರೆ. ಎಂ1911ರಲ್ಲಿ ಒಡಲಿನ ರ‍್ಯಾಂಪಿಗೂ ನಳಿಗೆಯ ಕೆಳಂಚಿಗೂ ನಡುವೆ ಸುಮಾರು 0.8 ಮಿ.ಮೀ. ಮೆಟ್ಟಿಲು ಉದ್ದೇಶಪೂರ್ವಕವಾಗಿಯೇ ಇದೆ. ಉಜ್ಜಿ ಅದನ್ನು ಸಮತಟ್ಟು ಮಾಡಿದರೆ ಮೂತಿ ನಳಿಗೆಯ ಅಂಚಿಗೇ ಕುಟ್ಟುತ್ತದೆ, ಮೊದಲಿದ್ದದ್ದಕ್ಕಿಂತ ಹೆಚ್ಚು ಸಿಕ್ಕಿಕೊಳ್ಳುತ್ತದೆ. ಅಲ್ಯೂಮಿನಿಯಂ ಒಡಲಾದರೆ ಮೇಲಿನ ಗಟ್ಟಿ ಲೇಪನವೇ ಹೋಗಿ ಮೆದು ಲೋಹ ತೋಡಾಗುತ್ತದೆ. ಚೇಂಬರಿನ ಬಾಯಿಯನ್ನು ಅತಿಯಾಗಿ ಕೊರೆದರೆ ಕೇಸಿನ ಬುಡಕ್ಕೆ ಆಸರೆ ತಪ್ಪಿ ಅದು ಹಾರುವಾಗ ಸಿಡಿಯಬಹುದು. ತೆಗೆದ ಲೋಹವನ್ನು ಮರಳಿ ಅಂಟಿಸುವಂತಿಲ್ಲ. ಲೋಹ ಕತ್ತರಿಸುವ ಯಾವ ಕೆಲಸವಾದರೂ ಬಂದೂಕು ದುರಸ್ತಿಯ ಪರಿಣತನಾದ ಆರ್ಮರರ್‌ನದು, ಅದೂ ಉಳಿದ ಎಲ್ಲವನ್ನೂ ಪರೀಕ್ಷಿಸಿಯಾದ ಮೇಲೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ, ಪಾಲಿಸುವವರು ಕಡಿಮೆ. ಹೊಸ ಸ್ಪ್ರಿಂಗ್, ಹೊಸ ಎಕ್ಸ್‌ಟ್ರಾಕ್ಟರ್, ಹೊಸ ತೋಟೆ ಮೂರನ್ನೂ ಒಟ್ಟಿಗೆ ಹಾಕಿ ಬಂದೂಕು ಓಡಿದರೆ ಯಾವುದರಿಂದ ಓಡಿತು ಎಂದು ಹೇಳುವುದು ಹೇಗೆ? ಮನೆಯಲ್ಲಿ ಕೈಯಿಂದ ಎಳೆದು ನೋಡುವುದಿದ್ದರೆ ಮದ್ದಿಲ್ಲದ ಡಮ್ಮಿ ತೋಟೆಗಳಿಂದ ಮಾತ್ರ, ಜೀವಂತ ತೋಟೆಗಳು ಆ ಕೋಣೆಯಲ್ಲೇ ಇರಬಾರದು. ಕೈಯಿಂದ ಎಳೆಯುವ ವೇಗ ಹಾರಿದಾಗಿನ ವೇಗವಲ್ಲ. ಡಮ್ಮಿಯಿಂದ ಕೋನಗಳು ತಿಳಿಯುತ್ತವೆ, ಆ ಎರಡು ಓಟಗಳ ಹೊಂದಾಣಿಕೆ ತಿಳಿಯುವುದಿಲ್ಲ.

ದುರಸ್ತಿ ಆಯಿತೇ ಎಂದು ನಿರ್ಧರಿಸಲು ಎಷ್ಟು ಗುಂಡು ಹಾರಿಸಬೇಕು ಎಂಬುದಕ್ಕೆ ಸರಳ ಗಣಿತವಿದೆ. ಬಂದೂಕು ಸರಾಸರಿ 50 ಗುಂಡಿಗೆ ಒಮ್ಮೆ ನಿಲ್ಲುತ್ತಿತ್ತು ಎಂದುಕೊಳ್ಳೋಣ. ಏನೂ ಸರಿಮಾಡದಿದ್ದರೂ ಅದು ಮುಂದಿನ 50 ಗುಂಡುಗಳನ್ನು ತಕರಾರಿಲ್ಲದೆ ಹಾರಿಸುವ ಸಾಧ್ಯತೆ ಶೇ 36ರಷ್ಟಿದೆ. ಒಂದು ಪೆಟ್ಟಿಗೆ ತೋಟೆ ಸಲೀಸಾಗಿ ಮುಗಿಯಿತು ಎಂಬುದಕ್ಕೆ ಅಷ್ಟೇ ಬೆಲೆ. 150 ಗುಂಡುಗಳು ನಿಲ್ಲದೆ ಹಾರಿದರೆ ಆ ಸಾಧ್ಯತೆ ಶೇ 5ಕ್ಕೆ ಇಳಿಯುತ್ತದೆ. ಹಿಂದೆ 200ಕ್ಕೆ ಒಮ್ಮೆ ನಿಲ್ಲುತ್ತಿದ್ದ ಬಂದೂಕಿಗೆ ಇಷ್ಟೇ ಭರವಸೆ ಬೇಕಾದರೆ 600 ಗುಂಡು ಬೇಕು, ಅದೂ ತೊಂದರೆ ಕೊಟ್ಟಿದ್ದ ಅದೇ ಮ್ಯಾಗಜಿನ್, ಅದೇ ತೋಟೆಯ ಜೊತೆಗೆ.